ಸಾಲು ಬಿಟ್ಟು ಸಾಲು

ಅಕ್ಕೂರಿನ ಕೃಷ್ಣಪ್ಪನಿಗೆ ತನ್ನ ತೋಪನ್ನು ಆಕಾಶದಿಂದ ನೋಡುವ ಯೋಗ ಕೂಡಿಬಂದದ್ದು ಅರವತ್ತು ದಾಟಿದ ಮೇಲೆ. ಅದೂ ವಿಮಾನದಲ್ಲಿ ಕೂತಲ್ಲ. ತೋಪಿನ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಪದ್ಮಶ್ರೀ ಎಂಬ ಹುಡುಗಿಯ ಕೈಯಲ್ಲಿದ್ದ ಟ್ಯಾಬಿನಲ್ಲಿ. ಹುಡುಗಿ ಕನಕಪುರದ ಕಡೆ ದೊಡ್ಡಆಲಹಳ್ಳಿಯವಳು, ಕೃಷಿ ಓದಿ ಒಂದು ಕಂಪನಿ ಸೇರಿದ್ದಳು. ಮಾವು ಬೆಳೆಗಾರರೆಲ್ಲ ಸೇರಿ ಆ ಕಂಪನಿಯನ್ನು ಊರಿಗೆ ಕರೆಸಿದ್ದರು. ಉಪಗ್ರಹ ಕೆಲವು ದಿನಕ್ಕೊಮ್ಮೆ ಮೇಲಿನಿಂದ ಫೋಟೋ ಹಿಡಿಯುತ್ತದೆ, ಆ ಫೋಟೋ ನೋಡಿ ಕಂಪ್ಯೂಟರು ಮಾವು ಯಾವುದು, ತೆಂಗು ಯಾವುದು, ರಾಗಿ ಯಾವುದು ಎಂದು ಗುರುತು ಹಿಡಿಯುತ್ತದೆ, ಹೂ ಬಿಟ್ಟ ಮರಕ್ಕೆ ಜಿಗಿಹುಳು ಬೀಳುವ ಲಕ್ಷಣ ಕಂಡರೆ ರೈತನಿಗಿಂತ ಮೊದಲೇ ಹೇಳುತ್ತದೆ, ಡ್ರೋನು ಬಂದು ಔಷಧಿ ಹೊಡೆದು ಹೋಗುತ್ತದೆ ಎಂದು ಅವಳು ವಿವರಿಸಿದಳು.

"ಮೇಲ್ನಿಂದ ನೋಡುದ್ರೆ ಎಲ್ಲಾ ಹಸ್ರೇ ಅಲ್ವಾ? ಅದಕ್ಕೆ ಎಂಗವ್ವಾ ಗೊತ್ತಾಯ್ತದೆ?" ಎಂದು ಕೃಷ್ಣಪ್ಪ ಕೇಳಿದ.

"ಡೀಪ್ ಲರ್ನಿಂಗ್ ಅಂತಾರೆ ಯಜಮಾನ್ರೆ. ಮಕ್ಕಳಿಗೆ ಕಲಿಸೋ ಥರಾನೇ ಅನ್ಕೊಳ್ಳಿ. ಇದು ಮಾವು, ಇದು ಮಾವು ಅಂತ ಸಾವಿರಾರು ತೋಟ ತೋರಿಸ್ತೀವಿ. ಆಮೇಲೆ ಅದೇ ಕಂಡುಹಿಡಿಯುತ್ತೆ. ನಾವು ತಪ್ಪು ತೋರಿಸಿದ್ರೆ ತಪ್ಪನ್ನೇ ಕಲಿಯುತ್ತೆ. ಅದಕ್ಕೇ ನಾನು ತೋಟ ತೋಟ ಸುತ್ತೋದು."

ಹೀಗೆಂದು ಅವಳು ಟ್ಯಾಬನ್ನು ಅವನ ಕಡೆ ತಿರುಗಿಸಿದಳು. ಕೃಷ್ಣಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಬಾವಿಯಿಂದ ಹಿಡಿದು ಆ ತುದಿಯ ಗರಸು ನೆಲದವರೆಗೆ ತೋಪು ಒಂದೇ ಹಸಿರಾಗಿತ್ತು. ಸುತ್ತ ಒಂದೇ ಹಳದಿ ಗೆರೆ. ಮಧ್ಯೆ ಎಲ್ಲೂ ಒಡಕಿರಲಿಲ್ಲ.

"ಇಲ್ಲಿ ಮಷಿನ್ನಿಗೆ ಸ್ವಲ್ಪ ಅನುಮಾನ ಇದೆ. ಅದರ ಕಣ್ಣಿಗೆ ಒಂದು ಚುಕ್ಕೆ ಅಂದ್ರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅದರೊಳಗೆ ಏನೇನಿದ್ರೂ ಎಲ್ಲ ಬೆರೆತು ಒಂದೇ ಬಣ್ಣ ಕಾಣುತ್ತೆ. ನೀವು ಹೇಳಿದ್ದನ್ನೇ ಅದು ನಂಬೋದು. ಹೇಳಿ, ಇಷ್ಟೂ ಮಾವೇನಾ? ಇಷ್ಟೂ ನಿಮ್ದೇನಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಕೃಷ್ಣಪ್ಪ ಒಂದು ರಾಮಾಯಣವನ್ನೇ ಬಿಚ್ಚಬೇಕಿತ್ತು. ತೋಪು ಹಾಕಿದ್ದು ಅವನ ಅಪ್ಪ ಕೆಂಪಯ್ಯ. ಕೆಂಪಯ್ಯ ಹೋದ ಮೇಲೆ ಕೃಷ್ಣಪ್ಪನೂ ತಮ್ಮ ದೇವರಾಜುವೂ ಭಾಗಕ್ಕೆ ಕೂತರು. ಬಾವಿ ಇದ್ದದ್ದು ಒಂದು ತುದಿಯಲ್ಲಿ, ಒಳ್ಳೆಯ ಕೆಂಪು ಮಣ್ಣಿದ್ದದ್ದೂ ಅಲ್ಲೇ. ಇನ್ನೊಂದು ತುದಿ ಬರೀ ಗರಸು. ಬಾವಿಯ ಕಡೆಯದು ನನಗೆ ಎಂದು ಅಣ್ಣ, ನನಗೆ ಎಂದು ತಮ್ಮ. ಅರಳಿಕಟ್ಟೆಯಲ್ಲಿ ಕೂತು ಕೂತು ಹಿರಿಯರಿಗೆ ಸಾಕುಸಾಕಾಯಿತು. ಕೊನೆಗೆ ಯಾರೋ ಒಬ್ಬ ಬೇಸತ್ತು, ಸಾಲು ಬಿಟ್ಟು ಸಾಲು ಹಂಚಿಕೊಂಡು ಸಾಯಿರಿ ಎಂದ. ಬಾವಿಯಿಂದ ಗರಸಿಗೆ ಹೋಗುವ ಮರದ ಸಾಲುಗಳಲ್ಲಿ ಮೊದಲನೆಯದು ಅಣ್ಣನಿಗೆ, ಎರಡನೆಯದು ತಮ್ಮನಿಗೆ, ಮೂರನೆಯದು ಮತ್ತೆ ಅಣ್ಣನಿಗೆ. ಬೈದು ಹೇಳಿದ ಮಾತದು. ಬುದ್ಧಿ ನೆಟ್ಟಗಿದ್ದವರು ನಕ್ಕು ಎದ್ದುಹೋಗುತ್ತಿದ್ದರು. ಇವರಿಬ್ಬರೂ ಒಪ್ಪಿಕೊಂಡರು.

ಅದೇ ವರ್ಷ ದೇವರಾಜು ತನ್ನ ಪಾಲಿನ ಸಾಲುಗಳ ಮರ ಕಡಿಸಿ ಹಿಪ್ಪುನೇರಳೆ ನೆಟ್ಟು ರೇಷ್ಮೆಹುಳು ಸಾಕತೊಡಗಿದ. ಅಪ್ಪ ನೆಟ್ಟ ಮರಕ್ಕೆ ಕೊಡಲಿ ಬಿದ್ದ ದಿನವೇ ಕೃಷ್ಣಪ್ಪ ತಮ್ಮನೊಂದಿಗೆ ಮಾತು ಬಿಟ್ಟ. ಹನ್ನೆರಡು ವರ್ಷವಾಯಿತು. ಈಗ ತೋಪಿನಲ್ಲಿ ಒಂದು ಸಾಲು ಮಾವು, ಒಂದು ಪಟ್ಟಿ ಹಿಪ್ಪುನೇರಳೆ ಸೊಪ್ಪು, ಮತ್ತೊಂದು ಸಾಲು ಮಾವು. ಮಾವಿಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿಗೆ ಒಂದು ಹನಿ ಬಿದ್ದರೂ ಸಾಕು, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಆದ್ದರಿಂದ ಗಂಡಸರು ಮುಖ ತಿರುಗಿಸಿಕೊಂಡು ಓಡಾಡಿದರೂ ಹೆಂಗಸರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಕೃಷ್ಣಪ್ಪನ ಹೆಂಡತಿ ಹನುಮಂತಮ್ಮ ನಲ್ಲಿಯ ಹತ್ತಿರ ದೇವರಾಜುವಿನ ಹೆಂಡತಿ ಕೆಂಚಮ್ಮನನ್ನು, "ಮನೇಲಿ ಹುಳ ಅವ್ವೇನೇ?" ಎಂದು ಕೇಳುವಳು. ಇಲ್ಲ ಎಂದ ಮೇಲೆಯೇ ಕೃಷ್ಣಪ್ಪ ಔಷಧಿ ಹೊಡೆಸುತ್ತಿದ್ದ. ಸಿಟ್ಟು ಎಷ್ಟೇ ಇದ್ದರೂ ಒಂದು ವರ್ಷವೂ ಅವನು ಇದನ್ನು ಮುರಿದವನಲ್ಲ.

ಪದ್ಮಶ್ರೀ ಬಂದಾಗ ದೇವರಾಜು ಆಗತಾನೇ ಹಿಪ್ಪುನೇರಳೆಯನ್ನು ಬುಡದವರೆಗೆ ಕಟಾವು ಮಾಡಿದ್ದ. ಬದುವಿನಿಂದ ನೋಡಿದರೆ ಮಾವಿನ ಸಾಲುಗಳ ನಡುವೆ ಬರೀ ಮಣ್ಣು. ಉತ್ತು ಬಿಟ್ಟ ಹಾಗಿತ್ತು. ಟ್ಯಾಬಿನದು ಕಟಾವಿಗೆ ಮುಂಚಿನ ಫೋಟೋ. ಕೃಷ್ಣಪ್ಪನಾದರೋ ಮಣ್ಣು ನೋಡುತ್ತಿರಲಿಲ್ಲ, ಟ್ಯಾಬು ನೋಡುತ್ತಿದ್ದ. ಅಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇದೆಯಲ್ಲ ಎನ್ನಿಸಿತು ಅವನಿಗೆ.

"ಎಲ್ಲಾ ಮಾವೇ ಕಣವ್ವ," ಎಂದ. "ಎಲ್ಲಾ ನಮ್ದೇ."

"ಮತ್ತೆ ಮಧ್ಯ ಇಷ್ಟು ಜಾಗ ಖಾಲಿ ಇದೆಯಲ್ಲ ಯಜಮಾನ್ರೆ?"

"ಮರಕ್ಕೆ ಒಸಿ ಗಾಳಿ ಆಡ್ಲಿ ಅಂತ ಬುಟ್ಟಿರೋದು."

ತಮ್ಮನ ಒಂದು ಗೇಣು ನೆಲದ ಮೇಲೂ ಅವನಿಗೆ ಆಸೆಯಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆ ಚಿತ್ರ ಒಡೆಯಬಾರದು ಎಂಬುದಷ್ಟೇ ಅವನಿಗೆ ಬೇಕಿದ್ದದ್ದು. ಹುಡುಗಿ ಟ್ಯಾಬಿನ ಮೇಲೆ ಬೆರಳೊತ್ತಿ ಸರಿ ಎಂಬ ಗುರುತು ಹಾಕಿದಳು. ಆ ಫೋಟೋವನ್ನು ಅವನು ಕೇಳಿ ತನ್ನ ಮೊಬೈಲಿಗೆ ಹಾಕಿಸಿಕೊಂಡ.

ಅದು ಕಾರ್ತಿಕದಲ್ಲಿ. ಮಾಘ ಬಂತು, ಮಾವು ಹೂ ಬಿಟ್ಟಿತು. ಅಷ್ಟು ಹೊತ್ತಿಗೆ ಮಗಳು ಸಿರಿಗೆ ಎರಡನೆಯ ಹೆರಿಗೆಯಾಗಿ, ಬಾಣಂತನಕ್ಕೆಂದು ಹನುಮಂತಮ್ಮ ಮಾಗಡಿಗೆ ಹೋಗಿದ್ದಳು. ಮೊಮ್ಮಗಳನ್ನು ನೋಡಲು ಕೃಷ್ಣಪ್ಪನೂ ಹೋದ. ಸಾವನದುರ್ಗದ ಬಂಡೆ ಎದುರಿಗೇ ಕಾಣುವ ಮನೆ. ಬೆಳಿಗ್ಗೆ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಫೋನು ಬಂತು.

"ನಿಮ್ಮ ತೋಟಕ್ಕೆ ಜಿಗಿಹುಳು ಬೀಳ್ತಿದೆ ಅಂತ ಬಂದಿದೆ ಸಾರ್. ಡ್ರೋನ್ ಈ ವಾರವೆಲ್ಲ ನಿಮ್ಮೂರಲ್ಲೇ ಇದೆ, ಇವತ್ತು ನಿಮ್ಮ ಸರದಿ. ಹೊಡೆಸೋದಾದ್ರೆ ನಿಮ್ಮ ಮೊಬೈಲಿಗೆ ಬಂದಿರೋ ಓಟಿಪಿ ಹೇಳಿ," ಎಂದಿತು ಕಂಪನಿಯ ಕಚೇರಿಯ ಒಂದು ಹೆಣ್ಣು ದನಿ.

ಕೃಷ್ಣಪ್ಪ ಅಂಕಿಗಳನ್ನು ಒಂದೊಂದಾಗಿ, ಬೀದಿಗೆಲ್ಲ ಕೇಳುವ ಹಾಗೆ ಓದಿ ಹೇಳಿದ. ಮಾಗಡಿಯಲ್ಲಿ ಕೂತು ಅಕ್ಕೂರಿನ ತೋಪಿಗೆ ಔಷಧಿ ಹೊಡೆಸುವವನು ತಾನು ಎಂಬ ಜಂಬವೂ ಒಂದಿಷ್ಟು ಇತ್ತು. ತಮ್ಮನ ಮನೆಯ ಹುಳುವಿನ ನೆನಪೇ ಅವನಿಗೆ ಬರಲಿಲ್ಲ. ಹನ್ನೆರಡು ವರ್ಷವೂ ಅದನ್ನು ನೆನಪಿಟ್ಟವಳು ಹನುಮಂತಮ್ಮ. ಅವಳು ಒಳಗೆ ಮಗಳಿಗೆ ಖಾರ ಅರೆಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ನೆನ್ನೆ ಕೆಂಚಿ ಫೋನ್ ಮಾಡಿದ್ಲು. ಹುಳ ಚೆಂದಾಗಿ ಬಂದವಂತೆ. ನಾಕ್ನೇ ಜ್ವರ ಎದ್ದು, ಪೊರೆ ಬಿಟ್ಟು, ಬೆಳ್ಳುದ್ದ ಆಗವಂತೆ, ಇನ್ನೇನು ಗೂಡು ಕಟ್ಟೋ ಹೊತ್ತು. ಹಿಂದ್ಲ ಎರಡು ಬೆಳೆಯೂ ಹಾಲುತೊಂಡೆ ರೋಗ ಬಂದು ತಿಪ್ಪೆಗೋಯ್ತಲ್ಲ. ಇದೂ ಓದ್ರೆ ಸೊಪ್ಪು ಬೇರ್ಸಮೇತ ಕಿತ್ತಾಕಿ, ಮನೆಗೆ ಬೀಗ ಹಾಕಿ, ಹಾರೋಹಳ್ಳಿ ಫ್ಯಾಕ್ಟ್ರಿಗೆ ವಾಚ್‌ಮನ್ ಆಗಿ ಒಂಟೋಯ್ತೀನಿ ಅಂತ ಕುಂತವ್ನಂತೆ ನಿನ್ನ ತಮ್ಮ. ಕೆಂಚಿ ದೇವ್ರಿಗೆ ಮುಡಿಪು ಕಟ್ಟವ್ಳೆ ಪಾಪ."

ಕೃಷ್ಣಪ್ಪನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಅಳಿಯ ಶಿವಕುಮಾರ್ ತೆಗೆದು ನೋಡಿ, "ಮಾವ, ನಿಮ್ಮ ತೋಪಿಂದು. ಪೂರ್ತಿ ಹೊಡೆದು ಮುಗಿಸವ್ರೆ, ಒಂದಿಂಚೂ ಬಿಟ್ಟಿಲ್ಲ," ಎಂದು ಸಂತೋಷವಾಗಿ ತೋರಿಸಿದ. ಹಳದಿ ಗೆರೆಯೊಳಗಿನ ಜಾಗವೆಲ್ಲ ನೀಲಿಯಾಗಿತ್ತು. ಈ ಬದುವಿನಿಂದ ಆ ಬದುವಿಗೆ, ಬಾವಿಯಿಂದ ಗರಸಿಗೆ, ಒಂದೇ ನೀಲಿ.

ಕೃಷ್ಣಪ್ಪ ಮುದ್ದೆಯನ್ನು ತಟ್ಟೆಗೆ ಹಾಕಿದ. ಡ್ರೋನು ಹಾರಿಸುವ ಹುಡುಗರು ರಸ್ತೆಯಲ್ಲಿ ನಿಂತು ಗುಂಡಿ ಒತ್ತುವವರು. ಅವರಿಗೆ ತೋಪು ಗೊತ್ತಿಲ್ಲ, ಗೆರೆ ಗೊತ್ತು. ಆ ಗೆರೆ ಸರಿ ಎಂದವನು ತಾನೇ. ಗಾಳಿಗೆ ಒಂದು ಹನಿ ಹಾರಿದ್ದಲ್ಲ ಇದು. ಮಾವಿಗೆ ಬಿದ್ದಷ್ಟೇ ಸೊಪ್ಪಿಗೂ ನೆತ್ತಿಯ ಮೇಲಿನಿಂದ ಸುರಿದಿದೆ. ಹಿಂದಿನ ಔಷಧಿಯಾದರೆ ದೂರದಿಂದಲೇ ಮೂಗಿಗೆ ಬಡಿಯುತ್ತಿತ್ತು. ಈಗಿನದಕ್ಕೆ ವಾಸನೆಯೂ ಇಲ್ಲ. ಸಂಜೆ ಸೊಪ್ಪು ಕುಯ್ಯಲು ಹೋದವರಿಗೆ ಏನೂ ಗೊತ್ತಾಗುವುದಿಲ್ಲ.

"ಮೊಕ ಯಾಕಿಂಗೆ ಸುಟ್ಟೋಯ್ತು?" ಎಂದಳು ಹನುಮಂತಮ್ಮ.

ಅವನು ಹೇಳಿದ. ಅವಳು ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ಎದ್ದು ಕೆಂಚಮ್ಮನಿಗೆ ಫೋನು ಹಚ್ಚಿದಳು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಹುಳುವಿನ ಮನೆಯೊಳಕ್ಕೆ ಕೆಂಚಮ್ಮ ಫೋನು ಒಯ್ಯುವವಳಲ್ಲ. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿಟ್ಟು ಹೋದರೆ ಹೊತ್ತು ಮುಳುಗುವವರೆಗೆ ಅತ್ತ ತಿರುಗಿ ನೋಡುವುದಿಲ್ಲ. ದೇವರಾಜುವಿನ ನಂಬರು ಕೃಷ್ಣಪ್ಪನಲ್ಲಿ ಇರಲೇ ಇಲ್ಲ, ಹನುಮಂತಮ್ಮನಲ್ಲೂ ಇರಲಿಲ್ಲ.

ಕೃಷ್ಣಪ್ಪನಿಗೆ ಹೊಳೆದದ್ದು ಊರಬಾಗಿಲಿನ ಟೀ ಅಂಗಡಿಯ ದೊಡ್ಡಮುನಿಯಪ್ಪ. ಅವನಿಗೆ ಫೋನು ಮಾಡಿದ. ದೊಡ್ಡಮುನಿಯಪ್ಪ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವನು. ಅಂಗಡಿಯಲ್ಲಿದ್ದ ಜನರ ಗದ್ದಲ ಈ ಕಡೆಗೆ ಕೇಳುತ್ತಿತ್ತು.

"ಅಣ್ಣೋ, ಒಸಿ ಆ ಮನೆತಾಕೆ ಓಗಿ ಬಾರಣ್ಣ."

"ಯಾವ ಮನೆ ಕೃಷ್ಣಪ್ಪ?"

"ಅದೇ ಕಣಣ್ಣ. ಆ ಮನೆ. ನಮ್ ಪಕ್ಕದ್ದು."

"ದೇವರಾಜನ ಮನೆಗಾ?"

"ಊಂ. ನಾನು ಬತ್ತಾ ಇವ್ನಿ ಅಂತ ಯೋಳು. ನಾನು ಬರೋಗಂಟ ಸೊಪ್ಪು ಕುಯ್ಬ್ಯಾಡ ಅನ್ನು."

"ನೀನಾ? ನೀನು ದೇವರಾಜನ ಮನೆಗೆ ಬತ್ತೀಯಾ?" ದೊಡ್ಡಮುನಿಯಪ್ಪನ ದನಿ ಏರಿತು. ಅಂಗಡಿಯ ಗದ್ದಲ ಒಮ್ಮೆಗೇ ನಿಂತಿತು. "ಯಾಕ್ಲಾ, ಏನ್ ಸಮಾಚಾರ?"

ಇಲ್ಲಿ ಕೃಷ್ಣಪ್ಪ ಬಾಯಿಬಿಟ್ಟು ಹೇಳಬೇಕಿತ್ತು. ಸೊಪ್ಪಿಗೆ ವಿಷ ಬಿದ್ದಿದೆ ಎಂಬ ಒಂದು ಮಾತು ಸಾಕಾಗಿತ್ತು. ಆದರೆ ಅಷ್ಟು ಜನ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುವಾಗ, ತಮ್ಮನ ಬೆಳೆಗೆ ಅಣ್ಣನೇ ವಿಷ ಹೊಡ್ಸವ್ನೆ ಎಂದು ಊರೆಲ್ಲ ಆಡಿಕೊಳ್ಳುತ್ತದಲ್ಲ ಎಂಬುದು ಅವನ ನಾಲಗೆಯನ್ನು ಹಿಡಿಯಿತು. ಮರ್ಯಾದೆ ಎಂಬುದು ಮನುಷ್ಯನಿಗೆ ಎಂಥೆಂಥ ಹೊತ್ತಿನಲ್ಲಿ ನೆನಪಾಗುತ್ತದೆ ನೋಡಿ.

"ಬಂದ್ಮ್ಯಾಲೆ ಯೋಳ್ತೀನಿ," ಎಂದು ಫೋನು ಇಟ್ಟ.

ಶಿವಕುಮಾರ್ ಬೈಕಿನಲ್ಲಿ ರಾಮನಗರದ ಬಸ್‌ಸ್ಟ್ಯಾಂಡಿನವರೆಗೆ ತಂದುಬಿಟ್ಟ. ಮಗುವಿಗೆ ಜ್ವರದ ಔಷಧಿ ತರಬೇಕಿತ್ತು, ಅವನು ವಾಪಸು ಹೋಗಲೇಬೇಕಾಗಿತ್ತು. ಚನ್ನಪಟ್ಟಣದ ಬಸ್ಸು ಹತ್ತಿ ಕೂತ ಮೇಲೆ ಕೃಷ್ಣಪ್ಪ ಪದ್ಮಶ್ರೀಯ ನಂಬರು ಒತ್ತಿದ. ತೊಳೆದರೆ ಹೋಗಬಹುದೇನೋ, ನೀರು ಹಾಯಿಸಿದರೆ ಸರಿಹೋಗಬಹುದೇನೋ ಎಂಬ ಒಂದು ಆಸೆ ಇನ್ನೂ ಇತ್ತು. ಕಿಟಕಿಯ ಕಡೆ ತಿರುಗಿ, ಪಕ್ಕದವನಿಗೆ ಕೇಳದ ಹಾಗೆ ಎಲ್ಲವನ್ನೂ ಹೇಳಿದ.

"ಮಧ್ಯ ಸೊಪ್ಪಿತ್ತಾ?" ಎಂದಳು ಪದ್ಮಶ್ರೀ. "ಯಜಮಾನ್ರೆ, ನಾನು ಅವತ್ತು ಎರಡು ಸಲ ಕೇಳಿದ್ನಲ್ಲ."

"ಕೇಳ್ದೆ ಕಣವ್ವ. ನಾನೇ ಸುಳ್ ಯೋಳ್ದೆ. ತೊಳುದ್ರೆ ಓಗಕಿಲ್ವಾ?"

"ಹೋಗಲ್ಲ. ಎಲೆಯೊಳಕ್ಕೇ ಇಳಿಯೋ ಔಷಧಿ ಅದು. ಒಂದು ಎಲೆನೂ ಹುಳಕ್ಕೆ ಹಾಕಬಾರದು. ಅವರಿಗೆ ಹೇಳಿದ್ದೀರಾ?"

"ಯೋಳಿ ಕಳ್ಸಿವ್ನಿ," ಎಂದ ಕೃಷ್ಣಪ್ಪ. ಅದು ಅರ್ಧ ಸುಳ್ಳು ಎಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು.

"ಯಜಮಾನ್ರೆ, ಇನ್ನೊಂದು ಇದೆ." ಅವಳ ದನಿ ಒಡೆಯಿತು. "ನಿಮ್ಮ ತೋಪನ್ನ ನಾನೇ ಮಾದರಿಗೆ ಅಂತ ಆರಿಸಿದ್ದೆ. ಮಷಿನ್ನಿಗೆ ಎಲ್ಲೆಲ್ಲಿ ಅನುಮಾನ ಇತ್ತೋ ಅಲ್ಲೆಲ್ಲ ನಿಮ್ಮದನ್ನ ನೋಡಿನೇ ಕಲಿತಿರೋದು, ಮಾವಿನ ಮಧ್ಯ ಇರೋದೂ ಮಾವೇ ಅಂತ. ಕನಕಪುರದ ಕಡೆ ನಾಳೆ ಬೆಳಿಗ್ಗೆ ಡ್ರೋನ್ ಇದೆ. ನಮ್ಮೂರಲ್ಲೂ ಮಾವಿನ ಮಧ್ಯ ಸೊಪ್ಪಿಟ್ಟವ್ರೆ. ನಾನು ಈಗಲೇ ನಿಲ್ಲಿಸಬೇಕು, ಫೋನ್ ಇಡ್ತೀನಿ."

ಕೃಷ್ಣಪ್ಪ ಫೋನನ್ನು ಜೇಬಿಗೆ ಹಾಕಲೂ ಆಗದೆ ಹಿಡಿದುಕೊಂಡೇ ಕೂತ. ಬದುವಿನ ಮೇಲೆ ಕೂತು ತಾನು ಒಂದೇ ಒಂದು ಸಲ ಆಡಿದ ಮಾತನ್ನು ಆ ಮಷಿನ್ನು ಮರೆಯದೆ ಕಲಿತು, ತಾನು ಕಾಲಿಡದ ಊರುಗಳಿಗೂ ಹೇಳಿಕೊಂಡು ಬಂದಿತ್ತು. ಹೆದ್ದಾರಿಯಲ್ಲಿ ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು, ಗೊಂಬೆಯ ಚೀಲ ಹೊತ್ತ ಹೆಂಗಸರನ್ನು ಹತ್ತಿಸಿಕೊಂಡು, ಚಿಲ್ಲರೆಗೆ ಜಗಳವಾಡಿಕೊಂಡು ಸಾಗಿತು. ಕಂಡಕ್ಟರನನ್ನು ಅವನು ಮೂರ್ನಾಲ್ಕು ಸಲ, "ಒಸಿ ಬಿರ್ರನೆ ಓಡ್ಸಕ್ಕೆ ಯೋಳಪ್ಪ," ಎಂದು ಬೇಡಿದ. ಅವನು ಇವನ ಮುಖ ನೋಡಿ, ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡು ಮುಂದಿನ ಸೀಟಿಗೆ ಸರಿದ. ಹನುಮಂತಮ್ಮ ನಡುನಡುವೆ ಫೋನು ಮಾಡಿ, ಕೆಂಚಿ ಇನ್ನೂ ಎತ್ತುತ್ತಿಲ್ಲ ಎಂದು ಅಳುತ್ತಿದ್ದಳು.

ಚನ್ನಪಟ್ಟಣದಲ್ಲಿ ಇಳಿದಾಗ ಅಕ್ಕೂರಿನ ಬಸ್ಸು ಹೋಗಿಯಾಗಿತ್ತು. ಮಾವಿನ ವ್ಯಾಪಾರದ ಸಮೀವುಲ್ಲಾ ತನ್ನ ಲಗೇಜು ಆಟೋ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದ. ಕೃಷ್ಣಪ್ಪ ಓಡಿಹೋಗಿ ಅವನ ಕೈ ಹಿಡಿದುಕೊಂಡ. ಸಮೀವುಲ್ಲಾ ಏನು, ಯಾಕೆ ಎಂದು ಕೇಳದೆ ಲೋಟ ಇಟ್ಟು ಗಾಡಿ ತೆಗೆದ. ದಾರಿಯುದ್ದಕ್ಕೂ ಎರಡು ಕಡೆಯೂ ಮಾವು ಮೈತುಂಬ ಹೂಬಿಟ್ಟು ನಿಂತಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಸೊಪ್ಪು ಕುಯ್ಯುವುದು ಬಿಸಿಲು ಇಳಿದ ಮೇಲೆಯೇ. ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಎಂದು ಕೃಷ್ಣಪ್ಪ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಪ್ಪಾ ಕೆಂಪಯ್ಯ, ಇದೊಂದು ಸಲ ಉಳಿಸಿಕೊಡು, ಅವನ ಕಾಲು ಬೇಕಾದರೂ ಹಿಡಿಯುತ್ತೇನೆ ಎಂದೂ ಬೇಡಿಕೊಂಡ.

ಊರಬಾಗಿಲಿನಲ್ಲಿ ಆಟೋ ನಿಲ್ಲುತ್ತಲೇ ದೊಡ್ಡಮುನಿಯಪ್ಪ ಅಂಗಡಿಯಿಂದ ಇಳಿದು ಬಂದ. ಅವನ ಮುಖದ ತುಂಬ ನಗು.

"ಯೋಳ್ದೆ ಕಣೋ ಕೃಷ್ಣಪ್ಪ! ನೀನು ಬತ್ತೀಯ ಅನ್ನೋದ ಕೇಳಿ ಕೆಂಚಮ್ಮ ಅತ್ತೇಬುಟ್ಲು. ದೇವರಾಜನೂ ಮೊಕ ತಿರುಗ್ಸ್ಕಂಡು ಕಣ್ಣೊರುಸ್ಕಂಡ."

"ಸೊಪ್ಪು? ಸೊಪ್ಪು ಕುಯ್ಬ್ಯಾಡ ಅಂದ್ಯಾ?"

"ಸೊಪ್ಪಾ?" ದೊಡ್ಡಮುನಿಯಪ್ಪ ಹಣೆ ಮುಟ್ಟಿಕೊಂಡ. "ಅಯ್ಯೋ, ಆ ಖುಷೀಲಿ ಅದೊಂದ ಮರ್ತೇಬುಟ್ಟೆ ನೋಡು. ಯಾಕೆ, ಏನಾಯ್ತು?"

ಹನ್ನೆರಡು ವರ್ಷ ಮಾತು ಬಿಟ್ಟ ಅಣ್ಣ ತಮ್ಮನ ಮನೆಗೆ ಬರುತ್ತಾನೆ ಎಂಬ ಸುದ್ದಿಯ ಮುಂದೆ, ಕಾರಣವೇ ಇಲ್ಲದ ಸೊಪ್ಪಿನ ಮಾತನ್ನು ಯಾರು ನೆನಪಿಡುತ್ತಾರೆ? ಕೃಷ್ಣಪ್ಪ ಓಡಿದ. ಪಂಚೆ ಕಾಲಿಗೆ ತೊಡರಿತು, ಎತ್ತಿ ಕಟ್ಟಿಕೊಂಡು ಓಡಿದ.

ತಮ್ಮನ ಮನೆಯ ಅಂಗಳಕ್ಕೆ ಆ ಹೊತ್ತಿನಲ್ಲಿ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಕೆಂಚಮ್ಮ ಹೊಸ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬನ್ನಿ ಬಾವ," ಎಂದಳು. ಅವಳ ಕಣ್ಣು ಆಗಲೇ ತುಂಬಿತ್ತು. "ಕಾಲಿಗೆ ನೀರು ತಕ್ಕಳಿ."

ದೇವರಾಜು ಮನೆಯ ಪಕ್ಕದ ಹುಳುವಿನ ಮನೆಯಿಂದ ಹೊರಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೂದಲು ನರೆತಿತ್ತು. ಇಷ್ಟು ಹತ್ತಿರದಿಂದ ತಮ್ಮನ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ನೋಡಿದರೆ ಅಪ್ಪನ ಮೂಗು, ಅಪ್ಪನ ಕಿವಿ.

"ಬಾರಣ್ಣ," ಎಂದ ಅವನು. "ಓಡ್ಕಂಡು ಯಾಕೆ ಬಂದೆ ಈ ವಯಸ್ನಲ್ಲಿ? ನಾನೆಲ್ಲಿಗೋಯ್ತಿದ್ದೆ?"

ಕೃಷ್ಣಪ್ಪನಿಗೆ ಏದುಸಿರು. "ಸೊಪ್ಪು..." ಎಂದ. ಮುಂದಿನದು ಹೊರಡಲಿಲ್ಲ.

"ಸೊಪ್ಪು ಆಗ್ಲೇ ಕುಯ್ದಾಯ್ತು ಕಣಣ್ಣ. ನೀನು ಬಂದಾಗ ಕೈ ಖಾಲಿ ಇರ್ಲಿ, ಕೂತು ನೆಮ್ದಿಯಾಗಿ ನಾಕು ಮಾತಾಡನ ಅಂತ ಬಿಸ್ಲಲ್ಲೇ ಓಗಿ ಕುಯ್ಕಂಡು ಬಂದೊ. ಹಾಕಿನೂ ಮುಗೀತಾ ಬಂತು. ಬಾ, ಒಳಿಕ್ಕೆ ಬಾ. ಹುಳ ನೋಡು ಬಾ."

ಹುಳುವಿನ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತಾಗುತ್ತದೆ, ದೃಷ್ಟಿ ತಾಗುತ್ತದೆ ಎಂದು ನೆಂಟರನ್ನೂ ಹೊಸಿಲಲ್ಲೇ ನಿಲ್ಲಿಸುತ್ತಾರೆ. ಅಂಥಲ್ಲಿಗೆ ದೇವರಾಜು ಅಣ್ಣನ ರಟ್ಟೆ ಹಿಡಿದು ಕರೆದುಕೊಂಡು ಹೋದ. ಒಳಗೆ ಅಟ್ಟಣೆಗಳ ಸಾಲು. ಪ್ರತಿ ಅಟ್ಟಣೆಯ ಮೇಲೂ ಹಸಿರು ಕಡ್ಡಿಗಳು, ಕಡ್ಡಿಗಳ ತುಂಬ ಬೆರಳು ಗಾತ್ರದ ಬೆಳ್ಳನೆಯ ಹುಳುಗಳು. ಮೇಯುವ ಸದ್ದು ಕೋಣೆ ತುಂಬಿತ್ತು. ಕೃಷ್ಣಪ್ಪ ಕಂಬ ಹಿಡಿದುಕೊಂಡ.

"ಎಂಗವೆ?" ದೇವರಾಜು ಕೇಳಿದ. ಅವನ ಮುಖ ಅರಳಿತ್ತು. "ಎರಡು ಬೆಳೆ ಓದ್ಮ್ಯಾಲೆ ಇಂಗ್ ಬಂದವೆ. ನನ್ ಕಣ್ಣೇ ತಾಗ್ತದೇನೋ ಅಂತ ನೋಡಕ್ಕೂ ಭಯ ಆಯ್ತದೆ. ಇದೊಂದು ಅಟ್ಟಣೆಗೆ ಹಾಕಿಲ್ಲ ಕಣಣ್ಣ. ನಿನಗೆ ಅಂತ್ಲೇ ಉಳ್ಸಿವ್ನಿ. ಮನೆಗೆ ಹಿರಿಯ ನೀನು, ನಿನ್ ಕೈಯಾರೆ ಹಾಕು."

ಎಂದು ಮೂಲೆಯಲ್ಲಿದ್ದ ಸೊಪ್ಪಿನ ಕಂತೆಯನ್ನು ತೋಳು ತುಂಬ ಎತ್ತಿ ಅಣ್ಣನ ತೋಳಿಗೆ ಹಾಕಿದ.

ತಣ್ಣಗಿನ, ಎಳೆಯ, ಒಳ್ಳೆಯ ಸೊಪ್ಪು. ಕೃಷ್ಣಪ್ಪ ಅದನ್ನು ತಬ್ಬಿಕೊಂಡು ನಿಂತ. ಹೇಳಿದರೆ ಈಗ ಸಿಕ್ಕಿದ ತಮ್ಮ ಈಗಲೇ ಹೋಗುತ್ತಾನೆ. ಹೇಳದಿದ್ದರೆ? ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಅಣ್ಣತಮ್ಮಂದಿರಾಗಿ ಕೂತಿರಬಹುದು. ಆ ಆಸೆ ಅವನಿಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಖಾಲಿ ಅಟ್ಟಣೆಯ ಹುಳುಗಳು ಸೊಪ್ಪಿನ ವಾಸನೆಗೆ ತಲೆ ಎತ್ತಿ ಅವನ ಕಡೆ ಚಾಚಿದ್ದವು.

"ಹಾಕಬಾರ್ದು ಕಣ್ಲಾ," ಎಂದ. "ಇದಕ್ಕೆ ಔಷಧಿ ಬಿದ್ದದೆ. ಎಲ್ಲದಕ್ಕೂ ಬಿದ್ದದೆ. ಮಧ್ಯಾನ ಡ್ರೋನು ಹೊಡ್ದದೆ."

ದೇವರಾಜು ನಗುತ್ತಲೇ ಇದ್ದ. "ಏನು ಔಷಧಿ? ನಿನ್ ಮರಕ್ಕಾ? ಹುಳ ಇದ್ದಾಗ ನೀನು ಹೊಡ್ಸಕಿಲ್ವಲ್ಲ."

"ಹೊಡ್ಸ್‌ಬುಟ್ಟೆ ಕಣ್ಲಾ."

ಹಿಂದೆಯೇ ಬಂದು ಹೊಸಿಲಲ್ಲಿ ನಿಂತಿದ್ದ ಕೆಂಚಮ್ಮ ತಂಬಿಗೆಯನ್ನು ಅಲ್ಲೇ ಬಿಟ್ಟು ಮೊದಲ ಅಟ್ಟಣೆಯ ಹತ್ತಿರ ಓಡಿದಳು. ಅಲ್ಲಿ ಮೇಯುವ ಸದ್ದು ನಿಂತಿತ್ತು. ಹುಳುಗಳು ಎದೆಯವರೆಗೆ ಮೇಲೆದ್ದು ತಲೆಯನ್ನು ಅತ್ತ ಇತ್ತ ಆಡಿಸುತ್ತಿದ್ದವು. ಒಂದರ ಬಾಯಿಂದ ಹಸಿರು ನೀರು ಇಳಿಯಿತು, ಆಮೇಲೆ ಇನ್ನೊಂದರ ಬಾಯಿಂದ. ಕೆಂಚಮ್ಮ, "ಅವ್ವಾ, ನನ್ನವ್ವಾ," ಎನ್ನುತ್ತ ಎರಡೂ ಕೈಯಲ್ಲಿ ಕಡ್ಡಿ ಕಿತ್ತು ಕಿತ್ತು ನೆಲಕ್ಕೆ ಎಸೆಯತೊಡಗಿದಳು. ಕಡ್ಡಿಯ ಜೊತೆಗೇ ಹುಳುಗಳೂ ನೆಲಕ್ಕೆ ಬೀಳುತ್ತಿದ್ದವು. ಕಚ್ಚಿ ಹಿಡಿದ ಎಲೆಯನ್ನು ಅವು ಬಿಡಲೊಲ್ಲವು.

ದೇವರಾಜು ಅಲ್ಲಾಡಲಿಲ್ಲ. "ಬೇಕು ಅಂತ ಮಾಡ್ದಾ?" ಎಂದು ಕೇಳಿದ.

"ಇಲ್ಲ ಕಣ್ಲಾ. ಅಪ್ಪನಾಣೆ ಇಲ್ಲ." ಕೃಷ್ಣಪ್ಪ ಅಳುತ್ತಿದ್ದ. "ಆ ಹುಡ್ಗಿ ಫೋಟೋ ತೋರ್ಸುದ್ಲು. ಅದ್ರಲ್ಲಿ ತೋಪೆಲ್ಲಾ ಒಂದೇ ಕಾಣ್ತಿತ್ತು, ಅಪ್ಪ ಇದ್ದಾಗ ಇದ್ದಂಗೆ. ಎಲ್ಲಾ ನಿಮ್ದೇನಾ ಅಂದ್ಲು. ಎಲ್ಲಾ ನಮ್ದೇ ಅಂದ್ಬುಟ್ಟೆ. ಒಡ್ಯಕ್ಕೆ ಮನ್ಸಾಗ್ನಿಲ್ಲ. ಆ ಗೆರೆ ಇಡ್ಕಂಡೇ ಡ್ರೋನು ಹೊಡ್ದದೆ."

ದೇವರಾಜು ಅವನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಕೃಷ್ಣಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ ಹೆಸ್ರು ಯೋಳಿದ್ರೆ ಆಗಿತ್ತಲ್ಲಣ್ಣ," ಎಂದ ಮೆಲ್ಲಗೆ. "ಮಧ್ಯದ್ದು ನನ್ ತಮ್ಮ ದೇವರಾಜುದು ಅಂತ ಒಂದ್ಸಲ ಬಾಯ್ಬಿಟ್ಟು ಯೋಳಿದ್ರೆ ಆಗಿತ್ತಲ್ಲ."

ಎರಡನೆಯ ಅಟ್ಟಣೆಯಲ್ಲೂ ಸದ್ದು ನಿಂತಿತು. ಆಮೇಲೆ ಮೂರನೆಯದರಲ್ಲಿ. ಕೆಂಚಮ್ಮ ಕೈ ಸೋತು ನೆಲದ ಮೇಲೆ ಕೂತಳು. ಅವಳ ಹೊಸ ಸೀರೆಯ ಮಡಿಲಲ್ಲಿ ಹುಳುಗಳು ಕುಗ್ಗಿ ಕುಗ್ಗಿ ಹೊರಳುತ್ತಿದ್ದವು. ಬಾಗಿಲ ಹೊರಗೆ ಆಗಲೇ ಊರ ಜನ ಸೇರುತ್ತಿದ್ದರು. ಅಣ್ಣತಮ್ಮಂದಿರು ಒಂದಾದದ್ದನ್ನು ನೋಡಲು ಬಂದವರು.

ದೇವರಾಜು ಕೊನೆಯ ಅಟ್ಟಣೆಯ ಹತ್ತಿರ ಹೋಗಿ ನಿಂತ. ಇಡೀ ಬೆಳೆಯಲ್ಲಿ ವಿಷ ತಿನ್ನದೆ ಉಳಿದದ್ದು ಅದೊಂದೇ. ಹಸಿದ ಹುಳುಗಳು ಒಂದರ ಮೇಲೊಂದು ಹತ್ತಿ, ತಲೆ ಎತ್ತಿ, ಸೊಪ್ಪಿಗಾಗಿ ಹುಡುಕುತ್ತಿದ್ದವು. ಆ ವಾರವಿಡೀ ಊರ ಮಾವಿಗೆಲ್ಲ ಡ್ರೋನು ಹೊಡೆದಿತ್ತು. ಮಾವಿನ ನೆರಳು ಬೀಳದ, ಔಷಧಿ ತಾಗದ ಸೊಪ್ಪು ಅಕ್ಕೂರಿನ ಸುತ್ತ ಎಲ್ಲೂ ಇರಲಿಲ್ಲ.

"ಇವುಕ್ಕೆ ಏನಾಕನ ಅಣ್ಣ?" ಎಂದು ದೇವರಾಜು ಕೇಳಿದ.

ಕೃಷ್ಣಪ್ಪನ ತೋಳಿನಲ್ಲಿ ಸೊಪ್ಪು ಹಾಗೆಯೇ ಇತ್ತು.